ಗುಂಡನ ಕಿವಿ, ಅಪ್ಪನ ಮೀಟರು

ಮೊದಲು ಸುಳಿವು ಕೊಟ್ಟಿದ್ದು ಇರುವೆಗಳು. ಇಳಕಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ಗುಂಡ ಉಚ್ಚೆ ಹೊಯ್ದ ಜಾಗಕ್ಕೆ ಸಾಲುಗಟ್ಟಿ ಮುತ್ತಿದ್ದವು. "ನಿಮ್ಮಪ್ಪಂದೂ ಹಿಂಗಽ ಗೊತ್ತಾಗಿತ್ತು ನೋಡು" ಅಂದಳು ಅವ್ವ. ನಾನು ನಕ್ಕುಬಿಟ್ಟೆ. ವರ್ಕ್ ಫ್ರಂ ಹೋಮ್ ಅಂತ ಊರಲ್ಲೇ ಇದ್ದೆ. ಬೆಕ್ಕು ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯೋದು, ಎಷ್ಟು ತಿಂದರೂ ಸೊರಗೋದು ಕಾಣ್ತಿತ್ತು. ಬೇಸಿಗೆ ಅಂದುಕೊಂಡೆ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯತೊಡಗಿದಾಗಲೇ ಹೆದರಿದ್ದು.

ಗುಂಡನಿಗೆ 9 ವರ್ಷ. ಆಪರೇಷನ್ ಆದ ಗಂಡು, ಹಾಲು-ರೊಟ್ಟಿ ತಿಂದು ಒಂದು ಕಾಲಕ್ಕೆ ಆರೂವರೆ ಕೆಜಿ ತೂಗುತ್ತಿದ್ದ. ಬೆಕ್ಕುಗಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಬರೋದು ಇಂಥವಕ್ಕೇ.

ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಬುಟ್ಟಿಯಲ್ಲಿ ಒಯ್ದೆವು. ದಾರಿಯುದ್ದಕ್ಕೂ ಹಾರ್ನು, ಆಸ್ಪತ್ರೆಯಲ್ಲಿ ನಾಯಿಗಳು. ಶುಗರ್ 412 ಬಂತು. ಆರೋಗ್ಯವಾಗಿರೋ ಬೆಕ್ಕಿಗೆ 80ರಿಂದ 120ರ ಆಸುಪಾಸು ಇರಬೇಕು. ಆದರೂ ಡಾಕ್ಟರು, "ಇದೊಂದು ನಂಬರ್ ನೋಡಿ ಹೇಳಾಕ ಬರಂಗಿಲ್ರಿ" ಅಂದರು. ಬೆದರಿದ ಬೆಕ್ಕಿಗೆ ಕಾಯಿಲೆ ಇಲ್ಲದೆಯೂ ಶುಗರ್ 300 ದಾಟಬಹುದಂತೆ! ಅದಕ್ಕೇ ಮೂತ್ರ ನೋಡಿದರು, ಜೊತೆಗೆ ಫ್ರಕ್ಟೋಸಮೈನ್ ಪರೀಕ್ಷೆಗೆ ರಕ್ತ ಕಳಿಸಿದರು. ಅದು ಹೆಚ್ಚುಕಡಿಮೆ ಎರಡು ವಾರದ ಸರಾಸರಿ ಹೇಳುತ್ತೆ; ಅರ್ಧ ಗಂಟೆಯ ಗಾಬರಿ ಅದನ್ನು ಅಲುಗಿಸೋದಿಲ್ಲ. ಅದೂ ಹೆಚ್ಚೇ ಬಂತು. ದಿನಕ್ಕೆ ಎರಡು ಸಲ ಗ್ಲಾರ್ಜಿನ್ ಇನ್ಸುಲಿನ್, 1 ಯೂನಿಟ್. ಹಾಲು-ರೊಟ್ಟಿ ಬಂದ್. ಅವ್ವನಿಗೆ ಅದೇ ದೊಡ್ಡ ಸಂಕಟ.

ಮೂರು ವಾರ ಬಿಟ್ಟು ಹೋದಾಗ 380. ನನಗೆ ಡೋಸ್ ಏರಿಸಿಬಿಡಿ ಅನ್ನೋ ಅವಸರ. ಡಾಕ್ಟರು ಕೇಳಲಿಲ್ಲ. ಒಂದು ದಿನ ಮನೆಯಲ್ಲೇ 2 ಗಂಟೆಗೊಮ್ಮೆ, 12 ಗಂಟೆ ನೋಡಿ ಬರೆದುಕೊಂಡು ಬನ್ನಿ ಅಂದರು.

ಬಿಸಿ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಒತ್ತಿ ಹಿಡಿದು, ಅಂಚಿನಲ್ಲಿ ಚುಚ್ಚಬೇಕು. ಮೊದಲ ದಿನ ನನ್ನ ಬೆರಳಿನ ರಕ್ತವೇ ಜಾಸ್ತಿ ಬಂತು. ಆಮೇಲೆ ಪ್ರತಿ ಸಲ ಒಂದು ತುಂಡು ಬೇಯಿಸಿದ ಕೋಳಿ ಲಂಚ ಕೊಟ್ಟು ಒಪ್ಪಂದಕ್ಕೆ ಬಂದೆವು. ಅಪ್ಪನ ಗ್ಲೂಕೋಮೀಟರೇ ಇತ್ತು. ಮನುಷ್ಯರ ಮೀಟರು ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತೆ. ಅದು ಡಾಕ್ಟರಿಗೆ ಗೊತ್ತಿರಲಿ, ಮೀಟರು ಬದಲಿಸಬೇಡಿ ಅಷ್ಟೇ. ಬೆಳಗ್ಗೆ 246 ಇದ್ದದ್ದು ಮಧ್ಯಾಹ್ನ 104ಕ್ಕೆ ಇಳಿದು, ಸಂಜೆ ಮತ್ತೆ 230ಕ್ಕೆ ಏರಿತ್ತು. ಆಸ್ಪತ್ರೆಯ 380 ನಂಬಿ ಡೋಸ್ ಏರಿಸಿದ್ದರೆ ಆ ಮಧ್ಯಾಹ್ನದ 104 ಎಲ್ಲಿಗೆ ಇಳಿಯುತ್ತಿತ್ತೋ. ಶುಗರ್ ತೀರಾ ಕೆಳಗಿಳಿದರೆ ಫಿಟ್ಸ್ ಬರುತ್ತೆ, ಜೀವವೇ ಹೋಗಬಹುದು.

ಅದನ್ನೂ ಒಂದು ದಿನ ಕಣ್ಣಾರೆ ಕಂಡೆ. ಬೆಳಗ್ಗೆ ನನಗೆ ಮೀಟಿಂಗ್ ಇತ್ತು, ಇಂಜೆಕ್ಷನ್ ಅಪ್ಪ ಕೊಟ್ಟರು. ಮಧ್ಯಾಹ್ನ ಗುಂಡ ಕುಡಿದವನ ಹಾಗೆ ತೂರಾಡುತ್ತಿದ್ದ. ಮೀಟರಿನಲ್ಲಿ 46. ಡಾಕ್ಟರಿಗೆ ಫೋನ್ ಹಚ್ಚಿಕೊಂಡೇ ಬೆಲ್ಲದ ನೀರು ವಸಡಿಗೆ ಸವರಿದೆ (ಬಾಯೊಳಗೆ ಸುರಿಯಬಾರದು, ಉಸಿರಿಗೆ ಸಿಗುತ್ತೆ). ಚೇತರಿಸಿಕೊಂಡ ಮೇಲೆ ತಿನ್ನಲು ಕೊಟ್ಟು, ಸಂಜೆತನಕ ಚುಚ್ಚಿ ಚುಚ್ಚಿ ನೋಡುತ್ತಾ ಕೂತೆ.

ಅಪ್ಪ ಫ್ರಿಜ್ ತೆರೆದು ನಿಂತಿದ್ದರು. "ನನ್ನ ಸಿರಿಂಜಽ ತಗೊಂಡೇನಲ್ಲೋ ತಮ್ಮಾ." ಅಪ್ಪನ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಗುಂಡನದು 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳ. ಗುಂಡನ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ 1ರ ಗೆರೆತನಕ ಎಳೆದರೆ ಒಳಗೆ ಹೋಗೋದು ಎರಡೂವರೆ ಯೂನಿಟ್. ತಪ್ಪು ಅಪ್ಪಂದಲ್ಲ, ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟವನು ನಾನು. ಅವತ್ತು ರಾತ್ರಿ ಅಪ್ಪ ಊಟ ಮಾಡಲಿಲ್ಲ. ಗುಂಡನ ಪಕ್ಕದಲ್ಲೇ ಚಾಪೆ ಹಾಸಿಕೊಂಡರು.

ಈಗ ಡಬ್ಬಿ ಬೇರೆ ಬೇರೆ. ಪಥ್ಯ ಮತ್ತು ಇನ್ಸುಲಿನ್ ಬೇಗ ಶುರುವಾದರೆ ಕೆಲವು ಬೆಕ್ಕುಗಳಿಗೆ ಇಂಜೆಕ್ಷನ್ನೇ ಬೇಡವಾಗುವುದುಂಟಂತೆ. ಗುಂಡನ ಡೋಸ್ ಡಾಕ್ಟರೇ ಅರ್ಧಕ್ಕಿಳಿಸಿದ್ದಾರೆ. ನಾನು ಶೀಟ್ ಮಾಡಿಕೊಟ್ಟರೂ ಅಪ್ಪ ಹಳೇ ಡೈರಿಯಲ್ಲೇ ಇಬ್ಬರ ಶುಗರ್ ಅಕ್ಕಪಕ್ಕ ಬರೆಯುತ್ತಾರೆ. ನಿನ್ನೆ ಗುಂಡಂದು 128, ಅಪ್ಪಂದು 210. ಮೊನ್ನೆ ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ತಿಂದದ್ದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.