ಮುಂಗಡ ಪಡೆದ ಮೇಲೆ ಮನೆಯ ಮಾತು ತಿರುಗಬಹುದೇ?

ಕೋಲಾರದ ಚಿನ್ನದ ಗಣಿ ಪ್ರದೇಶ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚಿನ್ನ. ಆದರೆ ಇಂದು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಾಮಾನ್ಯ ಕುಟುಂಬವೊಂದನ್ನು ಕೇಳಿದರೆ ಅವರ ಮಾತು ಚಿನ್ನಕ್ಕಿಂತ ಹೆಚ್ಚಾಗಿ ಮನೆಯ ಸುತ್ತ ತಿರುಗುತ್ತದೆ. ಇರುವ ಮನೆಗೆ ಹಕ್ಕುಪತ್ರ ಸಿಗುತ್ತದೆಯೇ? ಕೊಂಡ ಸೈಟಿಗೆ ಖಾತೆ ಆಗುತ್ತದೆಯೇ? ಅಡ್ವಾನ್ಸ್ ಕೊಟ್ಟ ಮನೆಯನ್ನು ಮಾಲೀಕರು ಕೊನೆಗೆ ನಮಗೇ ಬರೆದುಕೊಡುತ್ತಾರೆಯೇ? ಕರಾವಳಿಯಲ್ಲಿರುವ ನಮಗೆ ಇದು ದೂರದ ಊರಿನ ವಿಷಯ ಎನಿಸಬಹುದು. ಗಲ್ಫ್ ದೇಶದಲ್ಲಿ ದುಡಿದ ಹಣವನ್ನು ಊರಿನ ಒಂದು ಮನೆಗೆ ಸುರಿಯುವ, ಕರಾರು ಪತ್ರವನ್ನು ಓದದೆ ಸಹಿ ಹಾಕುವ ಕುಟುಂಬಗಳು ನಮ್ಮಲ್ಲೂ ಇಲ್ಲವೇ? ಆದುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಕಾಗದವಿಲ್ಲದೆ ಬಾಳಿದ ಊರು

ಕೆ.ಜಿ.ಎಫ್.ನ ಕಥೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. 1956ರಲ್ಲಿ ಗಣಿಗಳು ಮೈಸೂರು ಸರಕಾರದ ಪಾಲಾದವು, 1962ರಲ್ಲಿ ಕೇಂದ್ರ ಸರಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪೆನಿಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ನೂರಕ್ಕೂ ಹೆಚ್ಚು ವರ್ಷ ಇಲ್ಲಿನ ಕಾರ್ಮಿಕ ಕುಟುಂಬಗಳು ಕಂಪೆನಿಯ ಲೈನ್ ಮನೆಗಳಲ್ಲಿ ಬಾಳಿದವು. ಕೆಲಸ ಇದ್ದಷ್ಟು ದಿನ ಮನೆ ಇತ್ತು. ಅಪ್ಪನ ಕೆಲಸ ಮಗನಿಗೆ ಬಂದರೆ ಸಂಸಾರವೂ ಲೈನಿನಲ್ಲೇ ಮುಂದುವರಿಯುತ್ತಿತ್ತು. ಗೋಡೆಗೆ ಸುಣ್ಣ ಬಳಿದವರು, ಮುಂದೆ ಚಪ್ಪರ ಹಾಕಿದವರು, ಹಿತ್ತಲಲ್ಲಿ ಗಿಡ ನೆಟ್ಟವರು ಆ ಮನೆಯ ಮಾಲೀಕರಾಗಿರಲಿಲ್ಲ. ಗಣಿ ಮುಚ್ಚಿದ ಮೇಲೂ ಎಷ್ಟೋ ಕುಟುಂಬಗಳು ಅಲ್ಲೇ ಉಳಿದವು. ಹಕ್ಕುಪತ್ರದ ಬೇಡಿಕೆ ಅಂದಿನಿಂದ ಆ ಊರಿನ ರಾಜಕೀಯದ ಭಾಗವೇ ಆಗಿದೆ.

ಇದರ ಪರಿಣಾಮ ಏನು? ಮನೆ ಎಂದರೆ ಸ್ವಾಧೀನ, ಮನೆ ಎಂದರೆ ನೆರೆಯವರ ಮಾತು ಎಂಬ ಅಭ್ಯಾಸ ಬೆಳೆಯುತ್ತದೆ. ಮನೆಯೊಂದನ್ನು ಸ್ವಂತವಾಗಿ ಕೊಳ್ಳಲು ರಾಬರ್ಟ್‌ಸನ್‌ಪೇಟೆಗೋ ಬಂಗಾರಪೇಟೆಗೋ ಬಂದಾಗ ಇಂಥ ಕುಟುಂಬಕ್ಕೆ ಕರಾರು ಪತ್ರ ಎಂಬುದೇ ಹೊಸದು. ಒಂದು ಛಾಪಾ ಕಾಗದ, ಎರಡು ಸಹಿ, ಇಬ್ಬರು ಸಾಕ್ಷಿಗಳು. ಅದರೊಳಗೆ ಏನು ಬರೆದಿದೆ ಎಂಬುದು ಬರೆದವರಿಗೆ ಮಾತ್ರ ಗೊತ್ತು.

ದಾರಿ ಬಂತು, ಬೆಲೆ ಬಂತು

ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ತುಂಬಿರುತ್ತಾರೆ. ಈಗ ರಸ್ತೆಯೂ ಬಂದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗ 2024ರ ಡಿಸೆಂಬರಿನಲ್ಲಿ ವಾಹನಗಳಿಗೆ ತೆರೆಯಿತು. ಇಂಥ ರಸ್ತೆ ಬಂದ ಕಡೆಯೆಲ್ಲ ಬ್ರೋಕರರೂ ಬರುತ್ತಾರೆ, ಬೆಲೆಯ ಆಸೆಯೂ ಬರುತ್ತದೆ. ಮಾತಿಗೆ ನಿಜವಾದ ಪರೀಕ್ಷೆ ಎದುರಾಗುವುದು ಆಗಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿವೃತ್ತರಾದ ಒಬ್ಬರು ಬಂಗಾರಪೇಟೆಯ ತಮ್ಮ ಮನೆಯನ್ನು 30 ಲಕ್ಷ ರೂಪಾಯಿಗೆ ಮಾರಲು ಒಪ್ಪುತ್ತಾರೆ. 3 ಲಕ್ಷ ಮುಂಗಡ ಪಡೆಯುತ್ತಾರೆ. ಆರು ತಿಂಗಳೊಳಗೆ ಉಳಿದ ಹಣ ಮತ್ತು ನೋಂದಣಿ ಎಂದು ಕರಾರಾಗುತ್ತದೆ. ನಾಲ್ಕನೇ ತಿಂಗಳಲ್ಲಿ ಬ್ರೋಕರ್ ಬಂದು, ‘ಸಾರ್, 38 ಲಕ್ಷಕ್ಕೆ ಪಾರ್ಟಿ ಇದೆ, ಅವರ ಅಡ್ವಾನ್ಸ್ ವಾಪಸ್ ಕೊಟ್ಟುಬಿಡಿ’ ಎನ್ನುತ್ತಾನೆ. ಇಲ್ಲಿ ಮಾರುವವರ ಮುಂದಿರುವ ಆಸೆ ಎಂಟು ಲಕ್ಷದ್ದು. ಕೊಳ್ಳುವವರೋ ಅಷ್ಟರಲ್ಲಿ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದ್ದಾರೆ, ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿದ್ದಾರೆ, ಒಡವೆ ಮಾರಿದ್ದಾರೆ. ಮುಂಗಡ ಹಿಂತಿರುಗಿಸಿದರೆ ಲೆಕ್ಕ ಮುಗಿಯಿತೇ? ನಮ್ಮ ದೃಷ್ಟಿಯಲ್ಲಿ ಮುಗಿಯಲಿಲ್ಲ. ಕಾನೂನಿನ ದೃಷ್ಟಿಯಲ್ಲೂ ಮುಗಿಯಲಿಲ್ಲ.

ಕಾನೂನು ಏನು ಹೇಳುತ್ತದೆ?

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ ಕ್ರಯದ ಕರಾರಿನಿಂದಲೇ ಮನೆ ಕೊಳ್ಳುವವರದಾಗುವುದಿಲ್ಲ. ನೋಂದಣಿಯಾದ ಕ್ರಯಪತ್ರದಿಂದಷ್ಟೇ ಒಡೆತನ ಬರುತ್ತದೆ. ಕರಾರು ಎಂದರೆ ಕ್ರಯಪತ್ರ ಬರೆದುಕೊಡುವ ಮಾತು. ಆದರೆ ಅದು ಬರಿಯ ಬಾಯಿ ಮಾತಲ್ಲ, ನ್ಯಾಯಾಲಯ ಜಾರಿ ಮಾಡಿಸಬಲ್ಲ ಮಾತು.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಹಿಂದೆ ಇಂಥ ಕರಾರನ್ನು ಜಾರಿ ಮಾಡಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. 2018ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಇದನ್ನು ಬದಲಿಸಿತು. ಕಾಯ್ದೆಯಲ್ಲೇ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ನ್ಯಾಯಾಲಯ ಕರಾರನ್ನು ಜಾರಿ ಮಾಡಿಸಲೇಬೇಕು. ‘ಈಗ ಬೆಲೆ ಏರಿದೆ’ ಎಂಬ ಒಂದೇ ಕಾರಣ ಮಾರುವವರನ್ನು ಕಾಪಾಡುವುದಿಲ್ಲ. ಹಳೆಯ ಕರಾರಿನ ವಿಷಯ ತಿಳಿದೂ ಆ ಮನೆಯನ್ನು ಕೊಂಡ ಮೂರನೆಯವರ ಮೇಲೂ ಅದನ್ನು ಜಾರಿ ಮಾಡಿಸಬಹುದು.

ಆದರೆ ಇದೇ ಕಾನೂನು ಕೊಳ್ಳುವವರಿಗೂ ಒಂದು ಷರತ್ತು ಹಾಕಿದೆ. ತಾನು ಮೊದಲಿನಿಂದ ಕೊನೆಯವರೆಗೆ ಹಣ ಕೊಡಲು ಸಿದ್ಧನಿದ್ದೆ, ಮನಸ್ಸೂ ಇತ್ತು ಎಂಬುದನ್ನು ಅವರು ಸಾಬೀತು ಮಾಡಬೇಕು. ದಾವೆ ಹೂಡಲು ಇರುವ ಕಾಲ ಮೂರು ವರ್ಷ. ಕರಾರಿನಲ್ಲಿ ದಿನಾಂಕ ಇದ್ದರೆ ಆ ದಿನದಿಂದ, ಇಲ್ಲದಿದ್ದರೆ ಎದುರು ಪಕ್ಷ ಒಲ್ಲೆನೆಂದದ್ದು ತಿಳಿದ ದಿನದಿಂದ ಇದನ್ನು ಎಣಿಸುತ್ತಾರೆ.

ಕೊಳ್ಳುವವರ ಹೊಣೆ

ಮಾತು ತಪ್ಪುವವರು ಯಾವಾಗಲೂ ಮಾರುವವರೇ ಎಂದು ನಾವು ತಿಳಿಯಬಾರದು. ಸಣ್ಣ ಮುಂಗಡ ಕೊಟ್ಟು ಮನೆಯನ್ನು ಕಟ್ಟಿಹಾಕಿ, ಬೆಲೆ ಏರುವವರೆಗೆ ಕಾಯುವವರೂ ಇದ್ದಾರೆ. ಮಧುರೈ ಪಟ್ಟಣದ ಮನೆಯೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನಪಿಡತಕ್ಕದ್ದು. 1978ರಲ್ಲಿ 60,000 ರೂಪಾಯಿಗೆ ಕರಾರಾಗಿತ್ತು, ಮುಂಗಡ 5,000, ಅವಧಿ ಆರು ತಿಂಗಳು. ಕೊಳ್ಳುವವರು ಸುಮಾರು ಎರಡೂವರೆ ವರ್ಷ ಸುಮ್ಮನಿದ್ದು ಆಮೇಲೆ ನೋಟೀಸು ಕೊಟ್ಟರು. ಅಷ್ಟರಲ್ಲಿ ಬೆಲೆ ಬಹಳ ಏರಿತ್ತು. ನ್ಯಾಯಾಲಯ ಮನೆಯನ್ನು ಅವರಿಗೆ ಕೊಡಿಸಲಿಲ್ಲ. ಸ್ಥಿರಾಸ್ತಿಯ ಕರಾರಿನಲ್ಲಿ ಗಡುವೇ ಸರ್ವಸ್ವವಲ್ಲ ಎಂಬುದು ಹಳೆಯ ನಿಯಮ. ಆದರೆ ಬೆಲೆಗಳು ಹೀಗೆ ಏರುವ ಕಾಲದಲ್ಲಿ ಕರಾರಿನ ಗಡುವಿಗೆ ಬೆಲೆ ಕೊಡಬೇಕೆಂದು 2011ರಲ್ಲಿಯೂ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ.

ಕೊಳ್ಳುವವರೇ ತಪ್ಪಿದರೆ ಮುಂಗಡದ ಗತಿಯೇನು? ಇದಕ್ಕೆ ದೆಹಲಿಯ ಎರಡು ಮೊಕದ್ದಮೆಗಳು ಉತ್ತರ ಕೊಡುತ್ತವೆ. 1963ರ ತೀರ್ಪಿನಲ್ಲಿ, 1,12,500 ರೂಪಾಯಿ ಬೆಲೆಯ ಬಂಗಲೆಗೆ ಕೊಳ್ಳುವವರು ಮೊದಲು 1,000, ಆಮೇಲೆ 24,000 ಕೊಟ್ಟಿದ್ದರು. ಮಾರುವವರು 1,000 ಇಟ್ಟುಕೊಳ್ಳಬಹುದು, 24,000 ಇಟ್ಟುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಮೊದಲನೆಯದು ಮಾತಿಗೆ ಭದ್ರತೆಯಾಗಿ ಕೊಟ್ಟ ಬಯಾನ, ಎರಡನೆಯದು ಬೆಲೆಯ ಒಂದು ಭಾಗ. 2012ರ ತೀರ್ಪಿನಲ್ಲಿ 70 ಲಕ್ಷದ ಮನೆಗೆ 7 ಲಕ್ಷ ಬಯಾನ ಕೊಟ್ಟವರು ಹಿಂದೆ ಸರಿದಾಗ ಆ ಏಳು ಲಕ್ಷವನ್ನು ಮಾರುವವರು ಉಳಿಸಿಕೊಂಡದ್ದು ಸರಿ ಎಂದಾಯಿತು. ಏಕೆಂದರೆ ಆ ಹಣ ಬಯಾನವೆಂದೂ, ತಪ್ಪಿದರೆ ಮುಟ್ಟುಗೋಲಾಗುತ್ತದೆಂದೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಂದು ಸಾಲು ಬರೆದಿದೆಯೇ ಇಲ್ಲವೇ ಎಂಬುದರ ಮೇಲೆ ಲಕ್ಷಗಟ್ಟಲೆ ಹಣ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು.

ಉಳಿಸಿಕೊಳ್ಳಲಾಗದ ಮಾತು

ಮಾತನ್ನು ಉಳಿಸಿಕೊಳ್ಳಬೇಕಾದರೆ ಮೊದಲು ಅದು ಉಳಿಸಿಕೊಳ್ಳಬಹುದಾದ ಮಾತಾಗಿರಬೇಕು. ಇಲ್ಲಿ ಎರಡು ವಿಷಯ ಹೇಳಲೇಬೇಕು.

ಮೊದಲನೆಯದು, ತನ್ನದಲ್ಲದ್ದನ್ನು ಮಾರುವುದು. ಕಂಪೆನಿಯ ಮನೆಯಲ್ಲಿ ಐವತ್ತು ವರ್ಷ ಬಾಳಿದ್ದರೂ ಹಕ್ಕುಪತ್ರ ಬರುವವರೆಗೆ ಅದನ್ನು ಮಾರುವ ಅಧಿಕಾರ ಬಾಳಿದವರಿಗಿಲ್ಲ. ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರೂ, ಜನರಲ್ ಪವರ್ ಆಫ್ ಅಟಾರ್ನಿ ಮಾಡಿಕೊಟ್ಟರೂ ಕೊಂಡವರ ಕೈಗೆ ಒಡೆತನ ಬರುವುದಿಲ್ಲ. ಇಂಥ ಅಧಿಕಾರ ಪತ್ರದ ಮೂಲಕ ನಡೆಯುವ ಮಾರಾಟ ಮಾರಾಟವೇ ಅಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಬಡವನೊಬ್ಬ ಇನ್ನೊಬ್ಬ ಬಡವನಿಂದ ಇಂಥ ಮನೆ ಕೊಂಡಾಗ ಇಬ್ಬರೂ ಒಳ್ಳೆಯವರೇ ಆಗಿರಬಹುದು. ಆದರೂ ಹಣ ಕೊಟ್ಟವನ ಕೈಯಲ್ಲಿ ಉಳಿಯುವುದು ಒಂದು ಕಾಗದ ಮಾತ್ರ.

ಎರಡನೆಯದು, ಕಾಗದದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ. ಮುದ್ರಾಂಕ ಶುಲ್ಕ ಉಳಿಸಲು 30 ಲಕ್ಷದ ಮನೆಯನ್ನು 18 ಲಕ್ಷವೆಂದು ಬರೆಯುವವರು ತಮ್ಮ ಕರಾರನ್ನು ತಾವೇ ಸುಳ್ಳು ಮಾಡಿಕೊಳ್ಳುತ್ತಾರೆ. ನಾಳೆ ವಿವಾದ ಬಂದರೆ ಉಳಿದ 12 ಲಕ್ಷವನ್ನು ಸಾಬೀತು ಮಾಡುವುದು ಹೇಗೆ? ಮಾತಿಗೆ ನಿಲ್ಲಿ ಎಂದು ಯಾವ ಬಾಯಿಯಿಂದ ಕೇಳುವುದು? ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಸಹಿ ಹಾಕುವ ಮುನ್ನ

ನಮ್ಮ ಓದುಗರಿಗೆ, ವಿಶೇಷವಾಗಿ ಕುಟುಂಬಗಳ ನಡುವೆ ಕೆಲಸ ಮಾಡುವ ಚರ್ಚಿನ ಕಾರ್ಯಕರ್ತರಿಗೆ ಉಪಯೋಗವಾಗಲಿ ಎಂದು ಕೆಲವು ಮಾತುಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಕರಾರನ್ನು ಮನೆಯವರೆಲ್ಲ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿಸಿ. ಕೊನೆಯ ದಿನಾಂಕ ಯಾವುದು, ಅದಕ್ಕೆ ಮುನ್ನ ಯಾರು ಏನು ಮಾಡಬೇಕು, ಖಾತೆ ಮಾಡಿಸುವವರು ಯಾರು, ಬಾಡಿಗೆದಾರರನ್ನು ಬಿಡಿಸುವವರು ಯಾರು, ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡದ ಗತಿಯೇನು ಎಂಬುದನ್ನು ಬರೆಯಿಸಿ.

ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಆಗ ಅದು ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ ಕಾಣುತ್ತದೆ. ಆಮೇಲೆ ಆ ಮನೆ ಕೊಳ್ಳಲು ಬರುವವರು ‘ನಮಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ಮನೆಯ ಸ್ವಾಧೀನವನ್ನೂ ಕರಾರಿನ ಜೊತೆಗೇ ಪಡೆದವರು ಆ ಸ್ವಾಧೀನಕ್ಕೆ ಕಾನೂನಿನ ರಕ್ಷಣೆ ಬೇಕೆಂದರೆ 2001ರಿಂದೀಚೆಗೆ ಕರಾರಿನ ನೋಂದಣಿ ಕಡ್ಡಾಯ.

ಬಿಲ್ಡರನಿಂದ ಫ್ಲಾಟ್ ಕೊಳ್ಳುವವರು 2016ರ ರೇರಾ ಕಾಯ್ದೆಯನ್ನು ನೆನಪಿಡಿ. ಅದು ಅನ್ವಯಿಸುವ ಯೋಜನೆಗಳಲ್ಲಿ ಕರಾರನ್ನು ನೋಂದಾಯಿಸದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಗಡುವು ಹತ್ತಿರವಾದಾಗ ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ‘ಹಣ ಸಿದ್ಧವಿದೆ, ನೋಂದಣಿಗೆ ಬನ್ನಿ’ ಎಂದು ಬರೆದು ಕಳುಹಿಸಿ. ಗಡುವು ಮುಂದೆ ಹೋಗುವುದಾದರೆ ಅದನ್ನೂ ಬರೆದು ಇಬ್ಬರೂ ಸಹಿ ಹಾಕಿ. ವ್ಯಾಜ್ಯ ಹೂಡಬೇಕಾಗಿ ಬಂದರೆ, ಮನೆ ಸಿಗದಿದ್ದಲ್ಲಿ ಮುಂಗಡವನ್ನಾದರೂ ಕೊಡಿಸಿ ಎಂದು ದಾವೆಯಲ್ಲೇ ಕೇಳಿಕೊಳ್ಳಬೇಕು. ಕೇಳದಿದ್ದರೆ ನ್ಯಾಯಾಲಯ ತಾನಾಗಿ ಕೊಡಿಸುವುದಿಲ್ಲ.

ವಕೀಲರ ಖರ್ಚಿಗೆ ಹೆದರುವವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯವನ್ನು ನೋಡದೆ ಉಚಿತ ನೆರವು ಸಿಗುತ್ತದೆ. ಮೊಕದ್ದಮೆ ಹೂಡುವ ಮುನ್ನವೇ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ. ವಾಳೆಯ ಗುರಿಕಾರರು ಇಂಥ ಕುಟುಂಬದ ಜೊತೆ ಒಂದು ದಿನ ಕಚೇರಿಗೆ ನಡೆದರೆ ಅದೇ ದೊಡ್ಡ ಸಹಾಯ.

ನಮ್ಮ ಮಾತು

ಮೂವತ್ತು ಲಕ್ಷಕ್ಕೆ ಒಪ್ಪಿದ ದಿನ ಮಾರುವವರಿಗೆ ಆ ಬೆಲೆ ಸರಿ ಕಂಡಿತ್ತು. ಅಂದೇ ಬೆಲೆ ಇಳಿಯುವಂತಿದ್ದರೆ ಕೊಳ್ಳುವವರು ಮಾತಿಗೆ ನಿಲ್ಲಬೇಕೆಂದು ಅವರೇ ಒತ್ತಾಯಿಸುತ್ತಿದ್ದರು. ಬೆಲೆ ಇಳಿದರೆ ನಿನ್ನ ಮಾತು, ಬೆಲೆ ಏರಿದರೆ ನನ್ನ ಇಷ್ಟ ಎಂಬುದು ಕರಾರಲ್ಲ. ಬೆಲೆ ಬದಲಾಗಬಹುದು ಎಂದೇ ತಾನೇ ಜನ ಮುಂಚಿತವಾಗಿ ಕರಾರು ಮಾಡಿಕೊಳ್ಳುವುದು? ಬೆಲೆ ಬದಲಾದ ದಿನವೇ ಅದು ಮುರಿಯುವುದಾದರೆ ಆ ಕಾಗದವನ್ನು ಬರೆದದ್ದೇ ವ್ಯರ್ಥ.

ನಿಜ, ಮಾತಿಗೆ ನಿಂತವರಿಗೆ ಎಂಟು ಲಕ್ಷ ಕೈ ತಪ್ಪುತ್ತದೆ. ಇದು ಸಣ್ಣ ಮೊತ್ತವಲ್ಲ, ನಿವೃತ್ತರಾದವರಿಗಂತೂ ಅಲ್ಲವೇ ಅಲ್ಲ. ಆದರೆ ಮಾತು ಮುರಿದಾಗ ಎದುರಿನ ಕುಟುಂಬ ಅದಕ್ಕಿಂತ ಹೆಚ್ಚನ್ನು ಕಳೆದುಕೊಳ್ಳಬಹುದು. ಅವರು ಮಾರಿದ ಒಡವೆ ಹಿಂತಿರುಗುವುದಿಲ್ಲ, ಏರಿದ ಬೆಲೆಗೆ ಅವರಿಗೆ ಇನ್ನೊಂದು ಮನೆ ಸಿಗುವುದಿಲ್ಲ.

ಕೆ.ಜಿ.ಎಫ್.ನ ಕಾರ್ಮಿಕರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಒಂದು ಮನೆಯ ಕನಸು ಕಾಣುತ್ತಿದ್ದಾರೆ. ತಲೆಮಾರುಗಳ ಕಾಲ ಕಾಗದವಿಲ್ಲದ ಮನೆಯಲ್ಲಿ ಬಾಳಿದ ಕುಟುಂಬದ ಕೈಗೆ ಕೊನೆಗೂ ಒಂದು ಕಾಗದ ಬಂದಾಗ, ಅದರಲ್ಲಿ ಸಹಿ ಹಾಕಿದವರು ಆ ಸಹಿಗೆ ನಿಲ್ಲಲಿ. ಬಂಗಾರಪೇಟೆಯಲ್ಲಾಗಲಿ, ನಮ್ಮ ಕರಾವಳಿಯಲ್ಲಾಗಲಿ ನಾವು ಕೇಳುವುದು ಇಷ್ಟೇ.