ಗೃಹಚಿಂತನ: ಚಳಿಗೆ ಮುಂಚಿತವಾಗಿ

ದೀಪಾವಳಿಯ ಹಣತೆಗಳು ಆರಿದ ಕೆಲದಿನಗಳಲ್ಲಿಯೇ ಕೊಡಂಬಲದ ಕಡೆಯಲ್ಲಿ ಮೂಡಣ ಗಾಳಿಯು ಮೈಕೊರೆಯತೊಡಗುವುದು. ಹಿಮ ಬೀಳದ ನಾಡಿಗೆ ಚಳಿಗಾಲದ ಸಿದ್ಧತೆಯೇಕೆಂದು ದೂರದ ವಾಚಕರು ಕೇಳಬಹುದು. ಸುಮಾರು 2,000 ಅಡಿ ಎತ್ತರದ ಈ ಬೀದರ ಸೀಮೆಯಲ್ಲಿ ಕೆಲವು ರಾತ್ರಿ ಉಷ್ಣಮಾನವು 10 ಡಿಗ್ರಿಗಿಂತಲೂ ಕೆಳಗಿಳಿಯುವುದನ್ನು ಬಲ್ಲವರು ಹಾಗೆ ಕೇಳಲಾರರು.

ಮೊದಲು ಹೊಲದ ಮಾತು. ಬಿಳಿಜೋಳ, ಕಡಲೆ, ಕುಸುಬೆಗಳು ಈ ತಿಂಗಳುಗಳಲ್ಲಿ ಮಳೆಯನ್ನಲ್ಲ, ಎರೆಯೊಳಗೆ ಉಳಿದ ಹಸಿಯನ್ನು ನಂಬಿ ಬೆಳೆಯುವುವು. ನೆಲ ಬಿರಿದರೆ ಆ ಹಸಿಯು ಬಿರುಕುಗಳ ದಾರಿಯಿಂದ ಆರಿಹೋಗುವುದು. ಆದುದರಿಂದ ಬಿರುಕು ಅಗಲವಾಗುವ ಮುನ್ನವೇ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡತಕ್ಕದ್ದು. ಆ ಪುಡಿಮಣ್ಣೇ ಹೊಲದ ಕೌದಿ.

ಬಳಿಕ ಕೊಟ್ಟಿಗೆ. ನಮ್ಮ ಸೀಮೆಯ ದೇವಣಿ ದನಗಳು ಗಟ್ಟಿಮುಟ್ಟಾದವುಗಳೇ ಸರಿ. ಆದರೆ ಎಳಗರು ಚಳಿಯನ್ನು ತಾಳದು. ಹುಟ್ಟಿದ ಕರುವಿನ ಮೈಯೊರಸಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಒಣಹುಲ್ಲಿನ ಮೇಲೆ ಮಲಗಿಸಬೇಕು. ಗಾಳಿ ಬರುವ ದಿಕ್ಕಿಗೆ ಕಣಿಕೆಯ ತಟ್ಟಿ ಕಟ್ಟಿರಿ. ಸೂರಿನ ಬಳಿಯ ಕಿಂಡಿಯನ್ನು ಮಾತ್ರ ಮುಚ್ಚಬೇಡಿರಿ. ಗಂಜಲದ ಘಾಟು ಒಳಗೇ ನಿಂತರೆ ಕರುವಿನ ಶ್ವಾಸಕೋಶಕ್ಕೆ ಕೇಡು.

ಕೊಟ್ಟಿಗೆಯಲ್ಲಿ ತೋರುವ ಈ ಎಚ್ಚರವನ್ನು ನಾವು ಮನೆಯೊಳಗೆ ಮರೆಯುತ್ತೇವೆ. ಇಂದು ಮುಖ್ಯವಾಗಿ ಹೇಳಬೇಕಾದುದು ಇದನ್ನೇ. ಬಾಣಂತಿಯ ಕೋಣೆಯ ಬಾಗಿಲಿಕ್ಕಿ, ಬೆಳಕಿಂಡಿಗೆ ಬಟ್ಟೆ ತುರುಕಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗುವ ರೂಢಿಯು ಹಲವೆಡೆ ಇನ್ನೂ ಉಂಟು. ಹಿರಿಯರ ಮಮತೆಯೇ ಅದಕ್ಕೆ ಕಾರಣ, ಸಂದೇಹವಿಲ್ಲ. ಆದರೆ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವಾಯುವಿಗಿಂತ ಸುಮಾರು 200 ಪಾಲು ಬಿಗಿಯಾಗಿ ರಕ್ತವನ್ನು ಹಿಡಿಯುವುದು. ಹೊಗೆ ಕಾಣಲಿಲ್ಲವೆಂದು ನಿಶ್ಚಿಂತರಾಗಿ ಮಲಗಿದವರು ಬೆಳಿಗ್ಗೆ ಏಳದೆಯೇ ಹೋಗಬಹುದು.

ಆದುದರಿಂದ ಕೆಂಡವನ್ನು ಪಡಸಾಲೆಯಾಚೆ, ತೆರೆದ ಅಂಗಳದಲ್ಲಿಯೇ ಕಾಯಿಸಿಕೊಳ್ಳಿರಿ. ಮಲಗುವ ಕೋಣೆಗೆ ತರಲೇಬೇಡಿರಿ. ಮುಚ್ಚಿದ ಕೋಣೆಯಲ್ಲಿದ್ದವರಿಗೆ ತಲೆನೋವು, ಓಕರಿಕೆ, ತಲೆಸುತ್ತು, ಮಂಪರು ತೋರಿದರೆ ಕೂಡಲೆ ಹೊರಗಾಳಿಗೆ ಕರೆತಂದು 108ಕ್ಕೆ ಕರೆಮಾಡಿರಿ.

ಹಾಗಾದರೆ ಕೂಸು ಬೆಚ್ಚಗಿರುವುದೆಂತು? ತಾಯಿಯ ಎದೆಯೇ ಅದಕ್ಕೆ ಉತ್ತಮವಾದ ಅಗ್ಗಿಷ್ಟಿಕೆ. 1970ರ ದಶಕದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ನಗರದ ವೈದ್ಯರು, ತೂಕ ಕಡಿಮೆಯಾದ ಕೂಸುಗಳನ್ನು ತಾಯಿಯ ಬರಿಮೈಗೆ ಅವುಚಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇಂದು ಅದು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ನಡೆದಿದೆ. ಕೂಸಿಗೆ ಕುಲಾವಿ, ಕಾಲುಚೀಲ ತೊಡಿಸಿ, ಮೊದಲ ಸ್ನಾನವನ್ನು ಒಂದು ದಿನವಾದರೂ ಮುಂದೂಡಿರಿ. ಮುದುಕರಿಗೆ ಬಿಸಿಲಿಗೆ ಒಣಹಾಕಿದ ಕೌದಿ, ರಾತ್ರಿ ಬಿಸಿ ಗಂಜಿ ಇರಲಿ.

ಚಳಿಯನ್ನು ಹೊರಗಿಡಿರಿ, ಗಾಳಿಯನ್ನು ಹೊರಗಿಡಬೇಡಿರಿ. ಬರುವ ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲದಲ್ಲಿ ಕುಳಿತು ಭಜ್ಜಿ, ಅಂಬಲಿ ಉಣ್ಣುವಾಗ ಪಂಕ್ತಿಯಲ್ಲಿ ಒಬ್ಬರೂ ಕಡಿಮೆಯಾಗದಿರಲೆಂದು ಹಾರೈಸುತ್ತೇವೆ.