ಮತಕ್ಕೂ ಕುರ್ಚಿಗೂ ನೂರು ವರ್ಷ

ಮದರಾಸು ಪ್ರಾಂತದಲ್ಲಿ ಹೆಂಗಸರಿಗೆ ಮತದ ಹಕ್ಕು ದೊರೆತದ್ದು 1921ರಲ್ಲಿ. ಅದೇ ಊರಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕು ದೊರೆತದ್ದು 2021ರಲ್ಲಿ. ನಡುವೆ ನೂರು ವರ್ಷ! ಈ ಎರಡು ಇಸವಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಬೇಕೆಂದು ಕಾರ್ಮಿಕ ಬಂಧುಗಳನ್ನು ಕೇಳಿಕೊಳ್ಳುತ್ತೇವೆ. ಸ್ತ್ರೀ ಸ್ವಾತಂತ್ರ್ಯದ ಚರಿತ್ರೆಯೆಂದು ಸಭೆ ಸಮಾರಂಭಗಳಲ್ಲಿ ನಾವು ಕೇಳುವುದೆಲ್ಲ ಮೊದಲನೆಯ ಇಸವಿಯ ಮಾತು. ಎರಡನೆಯದನ್ನು ನೆನೆಯುವವರು ಕಡಮೆ. ದುಡಿಯುವವರ ಪತ್ರಿಕೆ ಅದನ್ನು ನೆನೆಯದಿದ್ದರೆ ಇನ್ನಾರು ನೆನೆದಾರು?

ಮೊದಲನೆಯ ಹೋರಾಟ ಸಣ್ಣದಲ್ಲ. 1917ರಲ್ಲಿ ಅಡಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಆನಿ ಬೆಸೆಂಟ್ ಮೊದಲಾದವರು ಮಹಿಳೆಯರದೇ ಒಂದು ಸಂಘ ಕಟ್ಟಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಅವರ ಮುಂದಾಳುತನದಲ್ಲಿ ಮಹಿಳೆಯರ ನಿಯೋಗವೊಂದು ಮದರಾಸಿನಲ್ಲಿ ಮಾಂಟೆಗೂ ಸಾಹೇಬನನ್ನು ಕಂಡು ಮತದ ಹಕ್ಕನ್ನು ಕೇಳಿತು. ನಾಲ್ಕು ವರ್ಷಗಳ ಮೇಲೆ ಮದರಾಸಿನ ಶಾಸನಸಭೆ, ಹೆಂಗಸೆಂಬ ಕಾರಣಕ್ಕೆ ಮತ ನಿರಾಕರಿಸಬಾರದೆಂದು ತೀರ್ಮಾನಿಸಿತು. ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಈ ಹೆಜ್ಜೆ ಇಟ್ಟದ್ದು ಮದರಾಸೇ ಮೊದಲು. ಆದರೆ ಆ ಮತ ಆಸ್ತಿಪಾಸ್ತಿ ಇದ್ದವರಿಗೆ, ತೆರಿಗೆ ಕೊಡುವವರಿಗೆ ಮಾತ್ರ. ಕೂಲಿಯವಳಿಗೆ ಅದು ಬಂದದ್ದು ಸ್ವತಂತ್ರ ಭಾರತದ ಸಂವಿಧಾನದಿಂದ.

1926ರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. ಸೋತರೇನು, ಹೆಂಗಸೊಬ್ಬಳು ಶಾಸನಸಭೆಗೆ ಸ್ಪರ್ಧಿಸಬಹುದೆಂಬುದನ್ನು ದೇಶಕ್ಕೇ ತೋರಿಸಿಕೊಟ್ಟರು. ಮರುವರ್ಷ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ನಾಮಕರಣದಿಂದ ಸಭೆಯನ್ನು ಸೇರಿ ಅದರ ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿಯನ್ನು ತೊಡೆದುಹಾಕಲು ಅವರು ತೊಡಗಿದ ಪ್ರಯತ್ನ 1947ರ ಕಾಯಿದೆಯಾಗಿ ಫಲಿಸಿತು.

ಇಲ್ಲಿ ಇನ್ನೊಬ್ಬ ಕನ್ನಡತಿಯ ಹೆಸರನ್ನೂ ಹೇಳದೆ ಮುಂದೆ ಹೋಗಲಾಗದು. ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಬೆಳೆದು, ಮದರಾಸಿನಲ್ಲಿ ಹಾಡಿ ಹೆಸರಾದ ಬೆಂಗಳೂರು ನಾಗರತ್ನಮ್ಮನವರು ದೇವದಾಸಿ ಕುಲದವರು. ಮುದ್ದುಪಳನಿ ಎಂಬ ಹಿಂದಿನ ಕವಯಿತ್ರಿಯ ತೆಲುಗು ಕಾವ್ಯವನ್ನು 1910ರಲ್ಲಿ ಅವರು ಅಚ್ಚು ಹಾಕಿಸಿದಾಗ ಅದು ಅಶ್ಲೀಲವೆಂದು ಸರಕಾರ ತಡೆಯಿತು. ಗಂಡಸರು ಬರೆದ ಶೃಂಗಾರಕ್ಕೆ ಇಲ್ಲದ ದೋಷ ಹೆಂಗಸು ಬರೆದದ್ದಕ್ಕೆ ಏಕೆಂದು ಅವರು ವಾದಿಸಿದರು. ದೇವದಾಸಿ ಮಸೂದೆ ಬಂದಾಗಲೂ ನಾಗರತ್ನಮ್ಮನವರು ತಮ್ಮ ಕುಲದ ಹೆಂಗಸರ ಜೊತೆ ನಿಂತು ವಿರೋಧಿಸಿದರು. ಕುಲಕ್ಕೆಲ್ಲ ಒಂದೇ ಕೆಟ್ಟ ಹೆಸರು ಹಚ್ಚುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಆ ಪದ್ಧತಿ ಹೋದದ್ದು ಸರಿಯೇ ಆಯಿತೆಂದು ನಾವು ಹೇಳುತ್ತೇವೆ. ಆದರೆ ಆ ಪ್ರಶ್ನೆಯಲ್ಲಿದ್ದ ನ್ಯಾಯವನ್ನು ತಳ್ಳಿಹಾಕುವಂತಿಲ್ಲ. ಯಾರ ಬಾಳನ್ನು ತಿದ್ದಲು ಹೊರಡುತ್ತೇವೆಯೋ ಅವರ ಮಾತನ್ನು ಮೊದಲು ಕೇಳಬೇಕು.

ಇನ್ನು ಎರಡನೆಯ ಇಸವಿಗೆ ಬರೋಣ. ಇದೇ ಊರಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು 1918ರಲ್ಲಿ ಮದರಾಸ್ ಲೇಬರ್ ಯೂನಿಯನ್ ಕಟ್ಟಿದರು. ಮಧ್ಯಾಹ್ನ ಉಣ್ಣುವುದಕ್ಕೆ ಬಿಡುವು ಸಾಲದೆಂಬುದು ಅವರ ಮೊದಲ ದೂರುಗಳಲ್ಲಿ ಒಂದು. ದುಡಿಮೆಗಾರನ ಹಕ್ಕು ಯಾವಾಗಲೂ ಹೀಗೆಯೇ ಹೊಟ್ಟೆ, ಕಾಲು, ಬೆನ್ನುಗಳಿಂದ ಶುರುವಾಗುತ್ತದೆ. ನಿಂತೇ ಕೆಲಸ ಮಾಡಬೇಕಾದವರಿಗೆ ಕುಳಿತುಕೊಳ್ಳಲು ಅನುಕೂಲ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತು. ಆದರೆ ಅದು ಕಾರ್ಖಾನೆಗೆ. ಮದರಾಸಿನ ಅಂಗಡಿಗಳಿಗಾಗಿ 1947ರಲ್ಲೇ ಬೇರೆ ಕಾಯಿದೆ ಆಗಿತ್ತು. ಕೆಲಸದ ಗಂಟೆಗಳು, ರಜೆ ಎಲ್ಲ ಅದರಲ್ಲಿದ್ದವು. ಕುರ್ಚಿಯೊಂದು ಇರಲಿಲ್ಲ.

ಇಂಗ್ಲೆಂಡಿನಲ್ಲಿ ಅಂಗಡಿಯ ಪ್ರತಿ ಮೂವರು ಕೆಲಸದ ಹೆಂಗಸರಿಗೆ ಒಂದು ಆಸನವಾದರೂ ಇರಬೇಕೆಂದು 1899ರಲ್ಲೇ ಕಾಯಿದೆಯಾಗಿತ್ತು. ಅಲ್ಲಿ ಅವರಿಗೆ ಗಂಡಸರ ಸಮನಾಗಿ ಮತ ಬಂದದ್ದು 1928ರಲ್ಲಿ. ಅಲ್ಲಿ ಕುರ್ಚಿ ಮೊದಲು, ಮತ ಆಮೇಲೆ. ಇಲ್ಲಿ ಮತ ಮೊದಲು, ಕುರ್ಚಿ ಆಮೇಲೆ. ಇದರಿಂದ ತಿಳಿಯುವುದೇನು? ಒಂದು ಹಕ್ಕು ಬಂದರೆ ಇನ್ನೊಂದು ತಾನಾಗಿಯೇ ಹಿಂದೆ ಬರುತ್ತದೆಂಬುದು ಬರಿಯ ಭ್ರಮೆ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೇಳಿ, ಕಾದು, ಹೋರಾಡಿ ಪಡೆಯಬೇಕು.

ನಮ್ಮ ಕಡೆ ಕೇಳಿದವರು ಕೇರಳದ ಕೋಳಿಕ್ಕೋಡಿನ ಅಂಗಡಿ ಹೆಂಗಸರು. ಶೌಚಾಲಯ ಬೇಕೆಂಬುದರಿಂದ ತೊಡಗಿದ ಅವರ ಹೋರಾಟ ಕುಳಿತುಕೊಳ್ಳುವ ಹಕ್ಕಿನವರೆಗೆ ಬಂತು. 2018ರಲ್ಲಿ ಕೇರಳ ಸರಕಾರ ಕಾಯಿದೆ ತಿದ್ದಿತು. 2021ರಲ್ಲಿ ತಮಿಳುನಾಡೂ ತನ್ನ 1947ರ ಅಂಗಡಿ ಕಾಯಿದೆಗೆ ಹೊಸ ಕಲಮನ್ನು ಸೇರಿಸಿತು. ಪ್ರತಿ ಅಂಗಡಿಯಲ್ಲೂ ಎಲ್ಲ ಕೆಲಸಗಾರರಿಗೂ ಆಸನ ಇರಬೇಕು, ಕೆಲಸದ ನಡುವೆ ಸಂದರ್ಭ ಸಿಕ್ಕಾಗ ಅವರು ಕುಳಿತುಕೊಳ್ಳಬಹುದು ಎಂಬುದು ಅದರ ಸಾರ. ಗಮನಿಸಿ, ಎಲ್ಲ ಕೆಲಸಗಾರರಿಗೂ! ಹೆಂಗಸರು ಗೆದ್ದ ಹಕ್ಕು ಗಂಡಸರ ಕಾಲಿಗೂ ವಿಶ್ರಾಂತಿ ತಂದಿತು. ಹೆಂಗಸರ ಹೋರಾಟ ಹೆಂಗಸರಿಗೆ ಮಾತ್ರ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಆದರೆ ಕಾಯಿದೆ ಪುಸ್ತಕದಲ್ಲಿದ್ದರೆ ಕಾಲು ನೋವು ಹೋಗುವುದಿಲ್ಲ. ದಿನವೆಲ್ಲ ನಿಂತವಳ ಪಾದ ಊದುತ್ತದೆ, ಕಾಲಿನ ನರ ಉಬ್ಬುತ್ತದೆ, ಸೊಂಟ ಹಿಡಿಯುತ್ತದೆ. ಬಸಿರಿಯಾದರೆ ಕೇಳುವುದೇ ಬೇಡ. ಮನೆಗೆ ಹೋದ ಮೇಲೆ ಒಲೆಯ ಮುಂದೆ ಮತ್ತೆ ನಿಲ್ಲಬೇಕು. ತ್ಯಾಗರಾಯನಗರದ ಜವಳಿ ಅಂಗಡಿಗೆ ಹಬ್ಬದ ಸೀರೆಗೆ ಹೋಗುವ ನಮ್ಮ ಬಂಧುಗಳು ಸೀರೆ ನೋಡುವಾಗ ಒಮ್ಮೆ ಆಚೆ ಬದಿಯನ್ನೂ ನೋಡಲಿ. ಅಲ್ಲಿ ಸ್ಟೂಲು ಇದೆಯೆ? ಇದ್ದರೆ ಅದರ ಮೇಲೆ ಕುಳಿತವರಿದ್ದಾರೆಯೆ, ಇಲ್ಲ ಸೀರೆಯ ಗಂಟಿದೆಯೆ?

ಕುಳಿತರೆ ಗಿರಾಕಿಗೆ ಅಗೌರವ, ಕೆಲಸ ಕೆಡುತ್ತದೆ ಎಂದು ಮಾಲೀಕರು ಹೇಳುವುದುಂಟು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನೂ ಎತ್ತಾರು. ಆ ಗಾದೆ ದುಡಿಯದೆ ತಿನ್ನುವವನಿಗೆ ಹೇಳಿದ್ದೇ ಹೊರತು ದುಡಿದು ದಣಿದವಳಿಗಲ್ಲ. ಗಲ್ಲದ ಮೇಲೆ ಯಜಮಾನರು ಕುಳಿತು ವ್ಯಾಪಾರ ಮಾಡಿದರೆ ಗಿರಾಕಿಗೆ ಆಗದ ಅಗೌರವ, ಕೆಲಸದವಳು ಕುಳಿತರೆ ಮಾತ್ರ ಆಗುವುದು ಹೇಗೆ?

ಈ ಊರಿಗೆ ಉಡುಪಿ ಹೋಟೆಲಿನ ರುಚಿ ಹಿಡಿಸಿದವರು ನಾವು. ಮಾಲೀಕರಲ್ಲೂ ನಮ್ಮವರಿದ್ದಾರೆ, ಕೆಲಸಗಾರರಲ್ಲೂ ನಮ್ಮವರಿದ್ದಾರೆ. ಪಾತ್ರೆ ತೊಳೆಯುವ, ಮೇಜು ಒರೆಸುವ, ಪಾರ್ಸೆಲ್ ಕಟ್ಟುವ ಹೆಂಗಸರಿಗೆ ಒಂದು ಬೆಂಚು ಹಾಕಿಸಲು ಕನ್ನಡಿಗ ಮಾಲೀಕರು ಸರಕಾರದ ಕಾಗದಕ್ಕಾಗಿ ಕಾಯಬೇಕಾಗಿಲ್ಲ. ಆ ಹೆಂಗಸರು ಬಹುಪಾಲು ತಮಿಳರೆಂಬುದು ನೆಪವಾಗದಿರಲಿ. ದಣಿವಿಗೆ ಭಾಷೆಯಿಲ್ಲ.

ಸಂಘವು ಮಾಡಬೇಕಾದದ್ದು ಮೂರು ಎಂಬುದು ನಮ್ಮ ಅಭಿಪ್ರಾಯ. ಸದಸ್ಯರು ದುಡಿಯುವ ಕಡೆಗಳಲ್ಲಿ ಆಸನ, ಶೌಚಾಲಯ, ಬಿಡುವು ಇವೆಯೇ ಎಂದು ಹೆಂಗಸರ ಬಾಯಿಂದಲೇ ಕೇಳಿ ಪಟ್ಟಿ ಮಾಡಬೇಕು. ಇಲ್ಲದ ಕಡೆ ಮಾಲೀಕರೊಡನೆ ಮಾತನಾಡಿ, ಕೇಳದಿದ್ದರೆ ಕಾರ್ಮಿಕ ಇಲಾಖೆಗೆ ಸಂಘದ ಹೆಸರಿನಲ್ಲಿ ದೂರು ಕೊಡಬೇಕು. ಒಬ್ಬಳ ಹೆಸರಿನಲ್ಲಿ ಕೊಟ್ಟರೆ ಮರುದಿನ ಅವಳ ಕೆಲಸವೇ ಹೋದೀತು. ಮೂರನೆಯದಾಗಿ, ಇದನ್ನೆಲ್ಲ ನಡೆಸುವ ಕಾರ್ಯಕಾರಿ ಸಮಿತಿಯಲ್ಲಿ ದುಡಿಯುವ ಹೆಂಗಸರು ಇರಬೇಕು. ವಾರ್ಷಿಕೋತ್ಸವದಲ್ಲಿ ಆರತಿ ಹಿಡಿಯುವುದಕ್ಕಲ್ಲ, ಲೆಕ್ಕ ಕೇಳುವುದಕ್ಕೆ, ತೀರ್ಮಾನಕ್ಕೆ ಕೈಯೆತ್ತುವುದಕ್ಕೆ. ಸಭೆಯ ಹೊತ್ತನ್ನು ಅವರಿಗೆ ಬರಲಾಗುವಂತೆ ಇಡಬೇಕು. ರಾತ್ರಿ ಒಂಬತ್ತಕ್ಕೆ ಸಭೆ ಕರೆದು ಹೆಂಗಸರು ಬರುವುದಿಲ್ಲವೆಂದರೆ ಯಾರು ಒಪ್ಪುತ್ತಾರೆ?

ಮತಕ್ಕೂ ಕುರ್ಚಿಗೂ ನಡುವೆ ನೂರು ವರ್ಷ ಹೋಯಿತು. ಕಾಯಿದೆಯ ಕುರ್ಚಿ ಅಂಗಡಿಯ ಒಳಗೆ ಬರುವುದಕ್ಕೆ ಇನ್ನೊಂದು ನೂರು ವರ್ಷ ಹಿಡಿಯಬಾರದು. ಬರುವ ಮಹಾಸಭೆಯಲ್ಲಿ ಈ ಮೂರು ಮಾತುಗಳನ್ನು ನಿರ್ಣಯವಾಗಿ ತರಬೇಕೆಂದು ಸದಸ್ಯರಲ್ಲಿ ನಮ್ಮ ಬಿನ್ನಹ.